ಹೆದರದವರ ಪರವಾಗಿ

‘ಸಸ್ಪೀರಿಯಾ’ ನೋಡಿದೆ. ಹೆದರಿಕೆಯಾಗಲಿಲ್ಲ.

ಇಷ್ಟು ಹೇಳಿ ಸುಮ್ಮನಿರಬಹುದಿತ್ತು. ಇಷ್ಟವಾಗದ ಸಿನಿಮಾಗಳ ಬಗ್ಗೆಯೆಲ್ಲ ಬರೆಯುತ್ತ ಕೂತರೆ ಇಷ್ಟವಾದವುಗಳಿಗೆ ಹೊತ್ತು ಸಿಗುವುದಿಲ್ಲ. ಆದರೆ ಈ ಎರಡು ಪುಟ್ಟ ವಾಕ್ಯಗಳನ್ನು ಸಿನಿಮಾ ಬಲ್ಲ ಗೆಳೆಯರ ಮುಂದೆ ಹೇಳಿದಾಗ ಬಂದ ಉತ್ತರವಿದೆಯಲ್ಲ, ಅದು ಸುಮ್ಮನಿರಲು ಬಿಡುತ್ತಿಲ್ಲ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ನಾಲ್ಕೈದು ಜನ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಅದನ್ನು ಕಥೆಯ ಹಾಗೆ ನೋಡಬಾರದು, ಅದೊಂದು ದುಃಸ್ವಪ್ನ, ಕನಸಿನಲ್ಲಿ ತರ್ಕ ಹುಡುಕಬಾರದು, ಇನ್ನೊಮ್ಮೆ ನೋಡು. ಒಬ್ಬರಂತೂ, ‘ನಿನಗಿನ್ನೂ ಆ ಕಣ್ಣು ಬಂದಿಲ್ಲ’ ಎಂದುಬಿಟ್ಟರು. ನನ್ನ ಜಗಳ ಇರುವುದು ಸಿನಿಮಾದ ಜೊತೆ ಅರ್ಧ, ಈ ಉತ್ತರದ ಜೊತೆ ಪೂರ್ತಿ.

ನೋಡಿಲ್ಲದವರಿಗಾಗಿ ಎರಡು ಮಾತು. 1977ರಲ್ಲಿ ಬಂದ ಇಟಲಿಯ ಚಿತ್ರ, ನಿರ್ದೇಶಕ ಡಾರಿಯೋ ಅರ್ಜೆಂಟೋ. ಸೂಸಿ ಬ್ಯಾನಿಯನ್ ಎಂಬ ಅಮೆರಿಕದ ಹುಡುಗಿ ಬ್ಯಾಲೆ ಕಲಿಯಲು ಜರ್ಮನಿಯ ಫ್ರೈಬುರ್ಗ್‌ಗೆ ಬರುತ್ತಾಳೆ. ಅವಳು ಬಂದ ರಾತ್ರಿಯೇ ಆ ಶಾಲೆಯಿಂದ ಓಡಿಹೋದ ಇನ್ನೊಬ್ಬ ಹುಡುಗಿ ಭೀಕರವಾಗಿ ಕೊಲೆಯಾಗುತ್ತಾಳೆ. ಶಾಲೆ ನಡೆಸುತ್ತಿರುವವರು ಮಾಟಗಾತಿಯರು ಎಂಬುದು ಗುಟ್ಟು. ಗುಟ್ಟು ಎಂದು ನಾನು ಹೇಳುತ್ತಿದ್ದೇನೆ, ಸಿನಿಮಾ ಅದನ್ನು ಗುಟ್ಟಾಗಿ ಇಡುವುದಿಲ್ಲ. ಗಾಬ್ಲಿನ್ ತಂಡದ ಹಿನ್ನೆಲೆ ಸಂಗೀತದಲ್ಲೇ ಒಂದು ಗಂಟಲು ಪಿಸುಗುಡುತ್ತ, ಕಿರುಚುತ್ತ ‘ಮಾಟಗಾತಿ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿರುತ್ತದೆ. ಮೊದಲ ಕೆಲವು ನಿಮಿಷಗಳಲ್ಲೇ ನಮಗೆ ಗೊತ್ತಾದದ್ದನ್ನು ಸೂಸಿ ಕಂಡುಕೊಳ್ಳಲು ಒಂದು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತಾಳೆ. ಅಷ್ಟು ಹೊತ್ತು ನಾವು ಕಾಯಬೇಕು.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಈ ಚಿತ್ರದ ಮೊದಲ ಹದಿನೈದು ನಿಮಿಷ ಅಪ್ಪಟ ಪ್ರತಿಭೆಯದು. ಸೂಸಿ ವಿಮಾನ ನಿಲ್ದಾಣದಿಂದ ಹೊರಬರುತ್ತಿದ್ದಾಳೆ. ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು ತೆರೆದಾಗ ಆ ಸಂಗೀತ ಕೇಳುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಸಂಗೀತ ನಮ್ಮ ಕಿವಿಗಾಗಿ ಹಾಕಿದ್ದಲ್ಲ, ಅದು ಹೊರಗಡೆ ಮಳೆಯ ಜೊತೆ ನಿಂತು ಇವಳಿಗಾಗಿ ಕಾಯುತ್ತಿದೆ! ಎಷ್ಟು ಸರಳ, ಎಷ್ಟು ದಿಟ್ಟ. ಆಮೇಲೆ ಟ್ಯಾಕ್ಸಿಯ ಕಿಟಕಿಯ ಮೇಲೆ ಇಳಿಯುವ ಕೆಂಪು ನೀಲಿ ನೀರು, ಕಾಡಿನ ಮರಗಳ ನಡುವೆ ಓಡುವ ಹುಡುಗಿ, ಕೊನೆಗೆ ಆ ಕೊಲೆ: ಬಣ್ಣದ ಗಾಜಿನ ಚಾವಣಿಯನ್ನು ಒಡೆದುಕೊಂಡು ಕೆಳಗೆ ನೇತಾಡುವ ದೇಹ. ಛಾಯಾಗ್ರಾಹಕ ಲುಚಿಯಾನೋ ತೊವೋಲಿಗೆ ಅರ್ಜೆಂಟೋ ಮಾದರಿಯಾಗಿ ತೋರಿಸಿದ್ದು ಡಿಸ್ನಿಯ ‘ಸ್ನೋ ವೈಟ್’ ಚಿತ್ರವನ್ನು. ಅಷ್ಟೊತ್ತಿಗಾಗಲೇ ಮೂಲೆಗುಂಪಾಗುತ್ತಿದ್ದ ಟೆಕ್ನಿಕಲರ್ ಮುದ್ರಣ ವಿಧಾನವನ್ನು ಹುಡುಕಿಕೊಂಡು ಹೋಗಿ ಆ ಬಣ್ಣಗಳನ್ನು ತೆಗೆದರು. ಅಂಥ ಕೆಂಪು ಬೇರೆ ಸಿನಿಮಾದಲ್ಲಿ ನಾನು ಕಂಡಿಲ್ಲ. ಇದರಲ್ಲಿ ನನಗೆ ತಕರಾರಿಲ್ಲ.

ತಕರಾರು ಹದಿನಾರನೇ ನಿಮಿಷದಿಂದ ಶುರು.

ನಾವು ಏಳೆಂಟು ಜನ ಸೇರಿ ಒಬ್ಬರ ಮನೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಒಳ್ಳೆಯ ಸ್ಪೀಕರು ಎರವಲು ತಂದು, ಲೈಟು ಆರಿಸಿ ನೋಡಿದೆವು. ನಾನು ವರ್ಷಗಟ್ಟಲೆ ಈ ಚಿತ್ರದ ಬಗ್ಗೆ ಓದಿದ್ದೆ. ಜಗತ್ತಿನ ಶ್ರೇಷ್ಠ ಹಾರರ್ ಸಿನಿಮಾಗಳ ಪಟ್ಟಿ ಎಲ್ಲಿ ಸಿಕ್ಕರೂ ಅದರಲ್ಲಿ ಇದು ಇರುತ್ತಿತ್ತು. ಆ ಗಾಜಿನ ಚಾವಣಿ ಒಡೆದಾಗ ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ನಲವತ್ತನೇ ನಿಮಿಷದ ಹೊತ್ತಿಗೆ ಒಬ್ಬ ಎದ್ದು ಹೋಗಿ ಟೀ ಇಟ್ಟ. ಚಾವಣಿಯಿಂದ ಹುಡುಗಿಯರ ತಲೆಯ ಮೇಲೆ ಹುಳ ಉದುರುವ ದೃಶ್ಯದಲ್ಲಿ ಇನ್ನೊಬ್ಬಳು, ‘ಅಕ್ಕಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದಿದ್ದರೆ ಹೀಗೇ’ ಎಂದಳು. ಎಲ್ಲರೂ ನಕ್ಕೆವು. ಆಮೇಲಿನ ಚರ್ಚೆಯಲ್ಲಿ ಆ ನಗುವನ್ನು ಯಾರೂ ನೆನಪಿಸಿಕೊಳ್ಳಲಿಲ್ಲ ಎಂಬುದು ನನಗೆ ವಿಚಿತ್ರವಾಗಿ ಕಂಡಿತು. ನಕ್ಕವರೇ ಹತ್ತು ನಿಮಿಷದ ನಂತರ ಅರ್ಜೆಂಟೋನ ಬಣ್ಣದ ವ್ಯಾಕರಣದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು.

ನನ್ನ ಮೊದಲ ವಾದ ಇಲ್ಲಿಂದಲೇ ಹುಟ್ಟುತ್ತದೆ. ಹಾಸ್ಯ ಮತ್ತು ಭಯ ಇವೆರಡೂ ಮೈಯ ಸಾಕ್ಷ್ಯದ ಮೇಲೆ ನಡೆಯುವ ಕಲೆಗಳು. ಒಂದು ಕಾವ್ಯ ಇಂದು ಅರ್ಥವಾಗದಿದ್ದರೆ ಹತ್ತು ವರ್ಷದ ಮೇಲೆ ಅರ್ಥವಾಗಬಹುದು. ಅದಕ್ಕೆ ತಯಾರಿ ಬೇಕು ಎಂದರೆ ಒಪ್ಪುತ್ತೇನೆ. ಆದರೆ ಒಂದು ನಗೆಹನಿಗೆ ನಗು ಬರಲಿಲ್ಲವಾದರೆ, ಅದನ್ನು ಹೇಳಿದವನು ಅದರ ಐತಿಹಾಸಿಕ ಮಹತ್ವ ವಿವರಿಸಿದ ಮಾತ್ರಕ್ಕೆ ನಗು ಬರುವುದಿಲ್ಲ. ಭಯವೂ ಹಾಗೆಯೇ. ಎದೆ ಧಸಕ್ಕೆಂದಿತೋ ಇಲ್ಲವೋ, ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿಕೊಂಡು ಹೋದಿರೋ ಇಲ್ಲವೋ. ಪಂಡಿತರ ಶಿಫಾರಸು ಅಲ್ಲಿ ನಡೆಯುವುದಿಲ್ಲ. ಪುಸ್ತಕಗಳ ಭಾರದ ಕೆಳಗೆ ತಮ್ಮ ಅಭಿರುಚಿಯನ್ನು ಹುಡುಕುತ್ತಿರುವ ಇಪ್ಪತ್ತು ವರ್ಷದ ಓದುಗನಿಗೆ, ನೋಡುಗಿಗೆ ಇರುವ ಒಂದೇ ಸ್ವಂತ ಆಸ್ತಿ ಈ ಮೈ. ಅದನ್ನೂ ನಂಬಬೇಡ, ಪಟ್ಟಿಯನ್ನು ನಂಬು ಎಂದು ಹೇಳಿಕೊಡುತ್ತಿದ್ದೇವಲ್ಲ, ಇದು ಸಣ್ಣ ವಿಷಯವೆಂದು ನನಗನ್ನಿಸುವುದಿಲ್ಲ.

‘ಅದು 1977ರ ಸಿನಿಮಾ ಮಾರಾಯ, ಈಗಿನ ಕಣ್ಣಿಗೆ ಹಾಗೇ ಕಾಣುವುದು’ ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಇದು ಸುಳ್ಳು. ಟೋಬ್ ಹೂಪರ್‌ನ ‘ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್’ ಇದಕ್ಕಿಂತ ಮೂರು ವರ್ಷ ಹಿಂದಿನದು. ಅದರ ಕೊನೆಯ ಅರ್ಧ ಗಂಟೆಯನ್ನು ಹಗಲಲ್ಲಿ ನೋಡಿದರೂ ಬೆವರುತ್ತದೆ. ಜಾಕ್ ಕ್ಲೇಟನ್‌ನ ‘ದಿ ಇನೋಸೆಂಟ್ಸ್’ 1961ರದು. ಕೊಳದ ಆಚೆ ದಡದಲ್ಲಿ, ಹಾಡುಹಗಲಲ್ಲಿ, ಕಪ್ಪು ಬಟ್ಟೆಯ ಒಬ್ಬ ಹೆಂಗಸು ಸುಮ್ಮನೆ ನಿಂತಿರುವುದಷ್ಟೇ ಅದರಲ್ಲಿನ ಭಯ. ಸಾಕು.

ಈಗ ಆ ಕನಸಿನ ಮಾತು.

ಕನಸಿಗೆ ತರ್ಕವಿಲ್ಲ ಎನ್ನುವವರು ತಮ್ಮ ಕನಸುಗಳನ್ನು ಸರಿಯಾಗಿ ನೆನಪಿಟ್ಟುಕೊಂಡಿಲ್ಲ ಎಂದು ನನ್ನ ಅನುಮಾನ. ದುಃಸ್ವಪ್ನಕ್ಕೆ ಎಚ್ಚರದ ಬದುಕಿಗಿಂತ ಬಿಗಿಯಾದ ಕಟ್ಟುಪಾಡುಗಳಿರುತ್ತವೆ. ಓಡಲು ಹೋದರೆ ಕಾಲು ಏಳುವುದಿಲ್ಲ. ಎಷ್ಟು ಪ್ರಯತ್ನಿಸಿದರೂ ಏಳುವುದಿಲ್ಲ. ಪರೀಕ್ಷೆಯ ಕೋಣೆ ಸಿಗುವುದಿಲ್ಲ. ಯಾವ ಬಾಗಿಲು ತೆರೆದರೂ ಅದೇ ಕಾರಿಡಾರು. ಆ ಕಟ್ಟುಪಾಡು ಯಾರು ಮಾಡಿದ್ದೆಂದು ಗೊತ್ತಿಲ್ಲ, ಮುರಿಯಲಂತೂ ಆಗುವುದಿಲ್ಲ. ಭಯ ಇರುವುದು ಆ ಮುರಿಯಲಾಗದಿರುವುದರಲ್ಲಿ.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ನೋಡಿದವರು ಈಗಲೂ ನಮ್ಮ ನಡುವೆ ಇದ್ದಾರೆ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ. ಎಂಥ ಶಿಸ್ತಿನ ದೆವ್ವ! ಕನ್ನಡ ಓದಲು ಬರುತ್ತದೆ, ಬರೆದದ್ದಕ್ಕೆ ಬೆಲೆ ಕೊಡುತ್ತದೆ. ಆ ಶಿಸ್ತಿನಿಂದಲೇ ಅದು ಭಯಂಕರ. ಅದು ನಿಜವಾಗಿಯೂ ನಾಳೆ ಬರುತ್ತದೆ ಎಂದು ನಮಗೆ ಗೊತ್ತು. ಮಳೆಗೆ ಅಕ್ಷರ ಅಳಿಸಿಹೋದರೆ ಏನು ಗತಿ ಎಂದು ಯೋಚಿಸುವ ಮಗುವಿನ ಹೊಟ್ಟೆಯಲ್ಲಿ ಏಳುವ ತಳಮಳವಿದೆಯಲ್ಲ, ಅಷ್ಟನ್ನು ‘ಸಸ್ಪೀರಿಯಾ’ದ ಒಂದು ಗಂಟೆ ನನಗೆ ಕೊಡಲಿಲ್ಲ. ಅದರ ಮಾಟಗಾತಿಯರಿಗೆ ಕಟ್ಟುಪಾಡಿಲ್ಲ. ಅವರು ಏನು ಬೇಕಾದರೂ ಮಾಡಬಲ್ಲರು, ಆದ್ದರಿಂದ ಏನು ಮಾಡಿದರೂ ನಮಗೆ ಅಷ್ಟಕ್ಕಷ್ಟೇ. ನಾಯಿಗೆ ಹುಚ್ಚು ಹಿಡಿಸಬಲ್ಲವರು ಬಾವಲಿಯನ್ನೇಕೆ ಕಳಿಸುತ್ತಾರೆ? ದೂರದಿಂದ ಕೊಲ್ಲಬಲ್ಲವರಿಗೆ ಚೂರಿ ಹಿಡಿದ ಒಬ್ಬ ಬಾಡಿಗೆಯ ಕೈ ಏಕೆ ಬೇಕು? ಬ್ಯಾಲೆ ಶಾಲೆಯಲ್ಲಿ ಒಂದು ಕೋಣೆ ತುಂಬ ತಂತಿಯ ಸುರುಳಿಗಳೇಕೆ? ಸಾರಾ ಎಂಬ ಹುಡುಗಿ ಕಿಟಕಿಯಿಂದ ಆ ಕೋಣೆಗೆ ಹಾರಿ ತಂತಿಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಾಳೆ. ದೃಶ್ಯ ನೋವಿನದು, ಒಪ್ಪಿದೆ. ಆದರೆ ನನಗೆ ಆದದ್ದು ಗಾಯ ನೋಡಿದಾಗಿನ ಕಸಿವಿಸಿ. ಕಸಾಯಿ ಅಂಗಡಿಯ ಮುಂದೆ ಹಾದುಹೋಗುವಾಗಲೂ ಕಸಿವಿಸಿಯಾಗುತ್ತದೆ.

ಕನಸನ್ನು ಕಟ್ಟುವುದು ಹೇಗೆಂದು ತಿಳಿಯಬೇಕಾದರೆ ಹರ್ಕ್ ಹಾರ್ವಿಯ ‘ಕಾರ್ನಿವಲ್ ಆಫ್ ಸೋಲ್ಸ್’ ನೋಡಬೇಕು. 1962ರದು. ಕಾನ್ಸಾಸ್‌ನ ಲಾರೆನ್ಸ್ ಊರಿನಲ್ಲಿ ಶಾಲೆ, ಕಾರ್ಖಾನೆಗಳಿಗೆ ಬೋಧನೆಯ ಚಿತ್ರ ಮಾಡಿಕೊಂಡಿದ್ದ ಮನುಷ್ಯ ಚಿಲ್ಲರೆ ದುಡ್ಡಿನಲ್ಲಿ ಮಾಡಿದ ಒಂದೇ ಕಥಾಚಿತ್ರ. ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ. ಗಂಟೆಗಳ ನಂತರ ಒಬ್ಬಳು ಹುಡುಗಿ ಮೈತುಂಬ ಕೆಸರಿನೊಂದಿಗೆ ದಡಕ್ಕೆ ಬರುತ್ತಾಳೆ. ಆಮೇಲೆ ಅವಳ ಬದುಕಿನಲ್ಲಿ ಆಗಾಗ ಸದ್ದು ನಿಂತುಹೋಗುತ್ತದೆ. ಅಂಗಡಿಯಲ್ಲಿ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಅವಳು ಯಾರಿಗೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಕ್ಕಿಯ ದನಿ ಕೇಳಿ ಲೋಕ ಮರಳುತ್ತದೆ. ನಟನೆ ಅಷ್ಟೇನೂ ಚೆನ್ನಾಗಿಲ್ಲ, ಕೆಲವು ಕಡೆ ಮಾತು ತುಟಿಗೆ ಕೂಡುವುದಿಲ್ಲ. ಆದರೂ ಆ ಚಿತ್ರ ಮೈಗೆ ಅಂಟಿಕೊಳ್ಳುತ್ತದೆ, ಯಾಕೆಂದರೆ ಅದರ ವಿಚಿತ್ರವೆಲ್ಲ ಒಂದೇ ಬೇರಿನದು. ಕೊನೆಯಲ್ಲಿ ಆ ಬೇರು ಕಂಡಾಗ ಹಿಂದಿನ ಪ್ರತಿ ದೃಶ್ಯವೂ ತಿರುಗಿ ನಿಂತು ನಮ್ಮನ್ನು ನೋಡುತ್ತದೆ. ಅದಕ್ಕೂ ‘ಕಲ್ಟ್’ ಪಟ್ಟವಿದೆ. ಆ ಪಟ್ಟವನ್ನು ಅದು ದುಡಿದು ಗಳಿಸಿದೆ.

ಇಷ್ಟಕ್ಕೂ ‘ಸಸ್ಪೀರಿಯಾ’ ತರ್ಕ ಬಿಟ್ಟ ಚಿತ್ರವೇ? ಅಭಿಮಾನಿಗಳು ಜಾಣತನದಿಂದ ಮರೆಯುವ ಒಂದು ದೃಶ್ಯವಿದೆ. ಚಿತ್ರದ ಎರಡನೇ ಭಾಗದಲ್ಲಿ ಸೂಸಿ ಗಾಜು ಕಾಂಕ್ರೀಟಿನ ಆಧುನಿಕ ಕಟ್ಟಡವೊಂದರ ಹೊರಗೆ, ಫಳಫಳ ಹಗಲಿನಲ್ಲಿ, ಒಬ್ಬ ಮನೋವೈದ್ಯನನ್ನು ಭೇಟಿಯಾಗುತ್ತಾಳೆ. ಅವನು ಶಾಲೆಯ ಸ್ಥಾಪಕಿ ಹೆಲೆನಾ ಮಾರ್ಕೋಸ್‌ಳ ಚರಿತ್ರೆಯನ್ನು ಇಸವಿ ಸಮೇತ ಹೇಳುತ್ತಾನೆ. ಆಮೇಲೆ ಒಬ್ಬ ಮುದಿ ಪ್ರೊಫೆಸರರು ಬಂದು ಮಾಟಗಾತಿಯರ ಕೂಟ ಹೇಗೆ ನಡೆಯುತ್ತದೆ, ನಾಯಕಿಯನ್ನು ಕೊಂದರೆ ಉಳಿದವರ ಶಕ್ತಿ ಹೇಗೆ ಉಡುಗುತ್ತದೆ ಎಂದು ಪಾಠ ಮಾಡುತ್ತಾರೆ. ಕೊನೆಯಲ್ಲಿ ಅಕ್ಷರಶಃ ಹಾಗೆಯೇ ಆಗುತ್ತದೆ. ಪರೀಕ್ಷೆಗೆ ಮುಖ್ಯವಾದ ಪ್ರಶ್ನೆ ಹೇಳಿಕೊಟ್ಟ ಹಾಗೆ! ಕನಸು ಎಲ್ಲಾದರೂ ಹೀಗೆ ಟಿಪ್ಪಣಿ ಬರೆಸುತ್ತದೆಯೇ? ನಿಜವೇನೆಂದರೆ ಅರ್ಜೆಂಟೋಗೂ ತರ್ಕ ಬೇಕಿತ್ತು. ಅದನ್ನು ದೃಶ್ಯಗಳಲ್ಲಿ ಹೆಣೆಯುವ ತಾಳ್ಮೆ ಇರಲಿಲ್ಲ. ಆದ್ದರಿಂದ ಒಂದೇ ಕಂತಿನಲ್ಲಿ ಬಾಯಿಮಾತಿನಲ್ಲಿ ತೀರಿಸಿಬಿಟ್ಟ.

ಬಣ್ಣದ ವಿಷಯಕ್ಕೆ ಬರೋಣ, ಯಾಕೆಂದರೆ ಕೊನೆಗೆ ಎಲ್ಲರೂ ಹೋಗಿ ಅಡಗಿಕೊಳ್ಳುವುದು ಅಲ್ಲೇ. ನಿಕೊಲಸ್ ರೋಗ್‌ನ ‘ಡೋಂಟ್ ಲುಕ್ ನೌ’ 1973ರಲ್ಲಿ ಬಂತು. ಅದರಲ್ಲಿಯೂ ಕೆಂಪೇ ಮುಖ್ಯ. ಕೆಂಪು ಮಳೆಯಂಗಿ ತೊಟ್ಟ ಮಗು ಮನೆಯ ಹಿಂದಿನ ಕೊಳದಲ್ಲಿ ಮುಳುಗಿ ಸಾಯುತ್ತದೆ. ಆಮೇಲೆ ವೆನಿಸ್ಸಿನ ಬೂದು ಚಳಿಗಾಲದಲ್ಲಿ, ಕಂದು ಗೋಡೆಗಳ ನಡುವೆ, ಎಲ್ಲೋ ಒಂದು ಮೂಲೆಯಲ್ಲಿ ಕೆಂಪು ಮಿಂಚಿ ಮರೆಯಾದರೆ ಸಾಕು, ತಂದೆಯ ಜೊತೆ ನಮಗೂ ಕರುಳು ಹಿಂಡುತ್ತದೆ. ಆ ಕೆಂಪು ಒಂದು ಮಗುವಿನದು. ‘ಸಸ್ಪೀರಿಯಾ’ದಲ್ಲಿ ಗೋಡೆ ಕೆಂಪು, ಬೆಳಕು ಕೆಂಪು, ರಕ್ತವಂತೂ ಬಣ್ಣದ ಡಬ್ಬದಿಂದ ಸುರಿದಷ್ಟು ಕೆಂಪು. ಎಲ್ಲವೂ ಕೂಗುತ್ತಿರುವಾಗ ಯಾವುದು ಕೂಗಿತೆಂದು ಹೇಗೆ ತಿಳಿಯುವುದು? ಅರ್ಧ ಗಂಟೆಯಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ, ಆ ಕೆಂಪು ಬರೀ ಅಲಂಕಾರವಾಗುತ್ತದೆ. ಬಿಡಿ ಚೌಕಟ್ಟುಗಳನ್ನು ತೆಗೆದು ಗೋಡೆಗೆ ಹಾಕಿಕೊಳ್ಳಬಹುದು, ಚೆಂದವಾಗಿಯೇ ಕಾಣುತ್ತವೆ. ಈ ಚಿತ್ರವನ್ನು ಪ್ರೀತಿಸುವವರಲ್ಲಿ ಅನೇಕರು ಪ್ರೀತಿಸುತ್ತಿರುವುದು ಆ ಬಿಡಿ ಚಿತ್ರಗಳನ್ನೇ ಎಂದು ನನ್ನ ಗುಮಾನಿ.

ಚಿತ್ರದ ಹೊರಗಿನ ಕಥೆಗಳನ್ನೂ ಪ್ರೀತಿಸುತ್ತಾರೆ. ಅರ್ಜೆಂಟೋ ಮತ್ತು ಸಹಲೇಖಕಿ ಡಾರಿಯಾ ನಿಕೊಲೊಡಿ ಮೊದಲು ಬರೆದದ್ದು ಪುಟ್ಟ ಹುಡುಗಿಯರ ಕಥೆ. ಅಷ್ಟು ಚಿಕ್ಕ ಮಕ್ಕಳ ಮೇಲೆ ಇಷ್ಟು ಹಿಂಸೆ ತೋರಿಸಿದರೆ ಚಿತ್ರಕ್ಕೆ ನಿಷೇಧ ಬೀಳುತ್ತದೆಂದು ನಿರ್ಮಾಪಕರು, ಅಂದರೆ ಅರ್ಜೆಂಟೋನ ತಂದೆ, ಒಪ್ಪಲಿಲ್ಲ. ಹಾಗಾಗಿ ಪಾತ್ರಗಳ ವಯಸ್ಸು ಏರಿತು, ಮಾತುಗಳು ಹಾಗೇ ಉಳಿದವು. ಬಾಗಿಲ ಹಿಡಿಕೆಗಳನ್ನು ತಲೆಯ ಎತ್ತರಕ್ಕೆ ಕೂರಿಸಿ ನಟಿಯರು ಮಕ್ಕಳಂತೆ ಕಾಣುವಂತೆ ಮಾಡಿದರು. ಇದನ್ನು ಕೇಳಿದಾಗ ನಿಮ್ಮ ಮೈ ಜುಂ ಎನ್ನುತ್ತದಲ್ಲವೇ? ನನಗೂ ಎಂದಿತು. ಆದರೆ ಎಂದದ್ದು ಆ ಸಂಗತಿಯನ್ನು ಓದಿದಾಗ, ಚಿತ್ರ ನೋಡಿದಾಗ ಅಲ್ಲ. ತೆರೆಯ ಮೇಲೆ ಕಂಡದ್ದು ಇಪ್ಪತ್ತು ದಾಟಿದ ಹೆಂಗಸರು, ‘ಎಸ್’ ಅಕ್ಷರದಿಂದ ಶುರುವಾಗುವ ಹೆಸರು ಹಾವಿನ ಹೆಸರೆಂದು ಜಗಳವಾಡಿ ಒಬ್ಬರಿಗೊಬ್ಬರು ನಾಲಿಗೆ ಚಾಚುವುದು. ಹನ್ನೊಂದು ವರ್ಷದ ಹುಡುಗಿಯರು ಅದನ್ನೇ ಮಾಡಿದ್ದರೆ ಅದು ಮಕ್ಕಳ ಕ್ರೌರ್ಯದ ಒಂದು ಮರೆಯಲಾಗದ ಕ್ಷಣವಾಗುತ್ತಿತ್ತು. ಇಲ್ಲಿ ಬರೀ ಪೆದ್ದುತನ. ನಾವು ಹೊಗಳುತ್ತಿರುವುದು ತೆಗೆಯದೆ ಉಳಿದ ಚಿತ್ರವನ್ನು, ತೆಗೆದದ್ದನ್ನಲ್ಲ.

ನಡುವೆ ಒಂದು ದೃಶ್ಯ ಮಾತ್ರ ನನ್ನನ್ನು ನಿಜವಾಗಿ ಹಿಡಿದಿತ್ತು. ಹುಳದ ಕಾಟಕ್ಕೆ ಹುಡುಗಿಯರೆಲ್ಲ ನೃತ್ಯದ ಹಜಾರದಲ್ಲಿ ಸಾಲಾಗಿ ಮಲಗಿದ್ದಾರೆ, ಸುತ್ತ ಬಿಳಿ ಬಟ್ಟೆಯ ಪರದೆ. ಆ ಬದಿಯಲ್ಲಿ ಯಾರೋ ಬಂದು ಮಲಗುತ್ತಾರೆ. ನೆರಳು ಮಾತ್ರ ಕಾಣುತ್ತದೆ. ಗೊರಕೆ ಶುರುವಾಗುತ್ತದೆ: ಎಳೆದೆಳೆದು, ಶಿಳ್ಳೆ ಹೊಡೆಯುತ್ತ, ಎಲ್ಲೋ ನಿಂತು ಮತ್ತೆ ಮುಂದುವರಿಯುವ ಒಂದು ರೋಗಿಷ್ಠ ಮುದಿ ಗೊರಕೆ. ರಕ್ತವಿಲ್ಲ, ಚೂರಿಯಿಲ್ಲ. ಬರೀ ಒಂದು ಮೈ, ಅದರ ಉಸಿರು. ಅರ್ಜೆಂಟೋಗೆ ಹೆದರಿಸಲು ಬರುತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಬಂದೂ ಮಾಡಲಿಲ್ಲ ಎಂಬುದೇ ಸಿಟ್ಟು.

‘ಕಲ್ಟ್’ ಎಂಬ ಮಾತಿನ ಬಗ್ಗೆಯೂ ಸ್ವಲ್ಪ. ನಮ್ಮಲ್ಲಿ ಉಪೇಂದ್ರರ ‘ಓಂ’ಗೆ ಈ ಪಟ್ಟ ಬಂದದ್ದು ಹೇಗೆಂದು ನೆನಪಿಸಿಕೊಳ್ಳಿ. 1995ರ ಆ ಚಿತ್ರ ಮತ್ತೆ ಮತ್ತೆ ಬಿಡುಗಡೆಯಾದಾಗಲೆಲ್ಲ ಜನ ಟಿಕೆಟ್ಟಿಗೆ ದುಡ್ಡು ಕೊಟ್ಟು, ಸಂಭಾಷಣೆ ಬಾಯಿಪಾಠವಿದ್ದರೂ ಹೋಗಿ ಕೂತರು. ಆ ಚಿತ್ರವನ್ನು ಒಪ್ಪಿ, ಬಿಡಿ. ಆ ಪಟ್ಟ ಕೊಟ್ಟದ್ದು ನೋಡಿದವರು. ನಮಗೆ ಹೊರಗಿನಿಂದ ಬರುವ ಕಲ್ಟ್ ಹಾಗಲ್ಲ, ಅದು ಸಿದ್ಧವಾಗಿ ಬರುತ್ತದೆ. ಯಾವುದೋ ದೇಶದ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ, ಸವೆದ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಯಾರೋ ನಿಜವಾಗಿ ಅನುಭವಿಸಿದ ರೋಮಾಂಚನವನ್ನು ನಾವು ಪಟ್ಟಿಯ ರೂಪದಲ್ಲಿ ಆನುವಂಶಿಕವಾಗಿ ಪಡೆಯುತ್ತೇವೆ. ಚಿತ್ರ ನೋಡುವ ಮೊದಲೇ ಅದನ್ನು ಮೆಚ್ಚಿಯಾಗಿರುತ್ತದೆ. ನೋಡುವುದು ಬರೀ ಹಾಜರಿ ಹಾಕುವ ಕೆಲಸ. ಹೆದರಲಿಲ್ಲ ಎಂದವರು ಗೈರುಹಾಜರು.

ಇಷ್ಟೇ ಆಗಿದ್ದರೆ ಇದು ಅಭಿರುಚಿಯ ಜಗಳವೆಂದು ಬಿಡಬಹುದಿತ್ತು. ಆದರೆ ‘ಕನಸಿಗೆ ಪ್ರಶ್ನೆ ಕೇಳಬೇಡಿ’ ಎಂಬ ರಿಯಾಯಿತಿ ಇನ್ನೊಂದು ಪ್ರಶ್ನೆಯನ್ನೂ ಬಾಯಿ ಮುಚ್ಚಿಸುತ್ತದೆ. ಅದು ಮಾಟಗಾತಿಯರ ಪ್ರಶ್ನೆ.

ಫ್ರೈಬುರ್ಗ್ ಕನಸಿನ ಊರಲ್ಲ, ಭೂಪಟದಲ್ಲಿರುವ ಊರು. ಚಿತ್ರದಲ್ಲಿ ಕಾಣುವ ಶಾಲೆಯ ಕೆಂಪು ಮುಂಭಾಗ ಅಲ್ಲಿಯ ‘ತಿಮಿಂಗಿಲ ಮನೆ’ ಎಂಬ ನಿಜವಾದ ಕಟ್ಟಡದ ನಕಲು. 1529ರಿಂದ ಎರಡು ವರ್ಷ ಮಾನವತಾವಾದಿ ಎರಾಸ್ಮಸ್ ಅಲ್ಲಿ ವಾಸವಿದ್ದ. ಅದೇ ಊರಿನ ಹಳೆಯ ನಗರದ್ವಾರ ಮಾರ್ಟಿನ್ಸ್‌ಟೋರ್‌ನಲ್ಲಿ ಒಂದು ಫಲಕವಿದೆ. 1599ರಲ್ಲಿ ಮಾಟಗಾತಿಯರೆಂದು ಆರೋಪ ಹೊರಿಸಿ ಕೊಂದ ಮೂವರು ಹೆಂಗಸರ ನೆನಪಿಗೆ ಹಾಕಿದ್ದು. ಕುರುಡ ಪಿಯಾನೋ ವಾದಕನನ್ನು ಅವನ ನಾಯಿಯೇ ಕೊಲ್ಲುವ ದೃಶ್ಯ ನಡೆಯುವುದು ಮ್ಯೂನಿಕ್‌ನ ಕೊನಿಗ್ಸ್‌ಪ್ಲಾಟ್ಸ್‌ನಲ್ಲಿ. 1933ರ ಮೇ 10ರಂದು ಅಲ್ಲಿ ಪುಸ್ತಕಗಳನ್ನು ಸುಟ್ಟರು, ಆಮೇಲೆ ನಾಜಿಗಳ ಮೆರವಣಿಗೆಗಳು ನಡೆದವು. ಇಷ್ಟೊಂದು ನಿಜವಾದ ಭಯ ಕಾಲಡಿಯಲ್ಲಿ ಬಿದ್ದಿದ್ದರೂ ಚಿತ್ರಕ್ಕೆ ಅವು ಚೆಂದದ ಹಿನ್ನೆಲೆ, ಅಷ್ಟೇ. 2018ರಲ್ಲಿ ಇದೇ ಹೆಸರಿನ ಚಿತ್ರವನ್ನು ಮತ್ತೆ ಮಾಡಿದ ಲೂಕಾ ಗ್ವಾಡನೀನೋ ಕಥೆಯನ್ನು 1977ರ ಬರ್ಲಿನ್‌ಗೆ ಒಯ್ದು ಯುದ್ಧದ, ಅಪರಾಧದ ನೆನಪುಗಳನ್ನೆಲ್ಲ ಅದರೊಳಗೆ ತುಂಬಿಸಿದ. ಆ ಚಿತ್ರ ಬೇರೆ ರೀತಿಯಲ್ಲಿ ಭಾರವಾಯಿತು, ಇರಲಿ. ಮೂಲವನ್ನು ಪ್ರೀತಿಸಿದವನಿಗೂ ಅಲ್ಲೊಂದು ಖಾಲಿ ಕಂಡಿತ್ತು ಎಂಬುದಷ್ಟೇ ನನ್ನ ಮಾತು.

ನಾವು ಭಾರತದಲ್ಲಿ ಕೂತು ಇದನ್ನು ನೋಡುತ್ತಿದ್ದೇವೆ. ಇಲ್ಲಿ ಮಾಟಗಾತಿ ಎಂಬ ಮಾತು ಇನ್ನೂ ಪುರಾಣವಾಗಿಲ್ಲ. ಬಿಹಾರ 1999ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಬೇಕಾಯಿತು. ಅಸ್ಸಾಂ ವಿಧಾನಸಭೆ 2015ರಲ್ಲಿ ಮಸೂದೆ ಅಂಗೀಕರಿಸಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಲ್ಲಿ ಕೊಲೆಯ ಕಾರಣಗಳ ನಡುವೆ ಮಾಟಕ್ಕೆ ಪ್ರತ್ಯೇಕ ಸಾಲು ಇದೆ. ಊರ ಹೊರಗೆ ಒಬ್ಬಳೇ ಇರುವ ಮುದುಕಿ, ಗಂಡ ಸತ್ತ, ಸ್ವಲ್ಪ ಜಮೀನಿರುವ ಹೆಂಗಸು. ಯಾರಿಗೋ ಜ್ವರ ಬರುತ್ತದೆ, ಯಾರದೋ ಹಸು ಸಾಯುತ್ತದೆ, ಆಮೇಲಿನದು ಪೇಪರಿನ ಒಳಪುಟದಲ್ಲಿ.

ಮಾಟಗಾತಿಯರ ಸಿನಿಮಾ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಕಾರ್ಲ್ ಡ್ರೈಯರ್ 1943ರಲ್ಲಿ, ನಾಜಿಗಳ ಹಿಡಿತದಲ್ಲಿದ್ದ ಡೆನ್ಮಾರ್ಕ್‌ನಲ್ಲಿ, ‘ಡೇ ಆಫ್ ರಾತ್’ ಮಾಡಿದ. ಶುರುವಿನಲ್ಲೇ ಹರ್ಲೋಫ್ಸ್ ಮಾರ್ಟೆ ಎಂಬ ಮುದುಕಿಯನ್ನು ಹುಡುಕಿಕೊಂಡು ಜನ ಬರುತ್ತಾರೆ, ಅವಳು ಪಾದ್ರಿಯ ಮನೆಯಲ್ಲಿ ಅಡಗುತ್ತಾಳೆ. ಸಿಕ್ಕಿಬೀಳುತ್ತಾಳೆ. ಸ್ವರ್ಗ ನರಕದ ಚಿಂತೆ ಅವಳಿಗಿಲ್ಲ, ಸಾಯಲು ಹೆದರಿಕೆ ಎನ್ನುತ್ತಾಳೆ, ಅಷ್ಟೇ. ಅವಳಿಗೆ ನಿಜವಾಗಿ ಮಾಟ ಬರುತ್ತಿತ್ತೋ ಇಲ್ಲವೋ ಡ್ರೈಯರ್ ಹೇಳುವುದಿಲ್ಲ. ಏಣಿಗೆ ಕಟ್ಟಿ ಅವಳನ್ನು ಬೆಂಕಿಗೆ ತಳ್ಳುವಾಗ ಆ ಕಿರುಚಾಟದ ಜೊತೆಗೆ ಮಕ್ಕಳ ಹಾಡು ಕೇಳುತ್ತದೆ. ರಕ್ತವಿಲ್ಲದ, ಬಣ್ಣವಿಲ್ಲದ ಆ ದೃಶ್ಯವನ್ನು ನೋಡಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

‘ಸಸ್ಪೀರಿಯಾ’ದ ಮುದುಕಿ ಹೆಲೆನಾ ಮಾರ್ಕೋಸ್‌ಗೆ ಸಾಯುವ ಭಯವಿಲ್ಲ, ಬದುಕುವ ಆಸೆಯೂ ಇಲ್ಲ, ಏನು ಬೇಕಿತ್ತೆಂದೂ ಇಲ್ಲ. ಸುಕ್ಕುಗಟ್ಟಿದ ಚರ್ಮ, ಆ ಗೊರಕೆ, ಇಷ್ಟೇ ಅವಳ ಅಪರಾಧ ಎನ್ನುವಷ್ಟು. ಸೂಸಿ ಗಾಜಿನ ನವಿಲಿನ ಒಂದು ಗರಿ ಕಿತ್ತು ಅವಳ ಕತ್ತಿಗೆ ಚುಚ್ಚುತ್ತಾಳೆ. ಗೋಡೆಗಳು ಬಿರುಕು ಬಿಡುತ್ತವೆ, ಒಳಗಿನ ಹೆಂಗಸರೆಲ್ಲ ಹೊರಳಾಡುತ್ತಾರೆ. ಸೂಸಿ ಮಳೆಗೆ ಹೊರಬಂದು ನಡೆಯುತ್ತ ನಸುನಗುತ್ತಾಳೆ. ಹಿಂದೆ ಕಟ್ಟಡ ಉರಿಯುತ್ತಿರುತ್ತದೆ. ಉರಿಯ ಮೇಲೆ ಅಕ್ಷರಗಳು ಬರುತ್ತವೆ, ನೀವು ಈವರೆಗೆ ‘ಸಸ್ಪೀರಿಯಾ’ ನೋಡುತ್ತಿದ್ದಿರಿ ಎಂದು. ಗಾಬ್ಲಿನ್‌ನ ಸಂಗೀತ ಮತ್ತೆ ಜೋರಾಗುತ್ತದೆ.